ಹೊಸ ಕಾರಿಗೆ ಬಂದ ಮೊದಲ ಕರೆ

ಹೆಣ ಕಂಡದ್ದು ಚಿಪ್ಪು ಹೆಕ್ಕುವ ಹೆಂಗಸರಿಗೆ.

2014ರ ಫೆಬ್ರವರಿ, ಗುರುವಾರ, ಬೆಳಿಗ್ಗೆ ಏಳು ಗಂಟೆ. ಹೆಮ್ಮಾಡಿಯಿಂದ ಕೆಳಗೆ ಹೊಳೆಯಲ್ಲಿ ಇಳಿತದ ಹೊತ್ತು. ಮೊಣಕಾಲುದ್ದ ನೀರಿನಲ್ಲಿ ನಾಲ್ವರು ಬಗ್ಗಿ ಕೆಸರು ತಡವುತ್ತಿದ್ದರು. ಒಬ್ಬಳ ಕೈಗೆ ಅಂಗಿಯ ತೋಳು ಸಿಕ್ಕಿತು. ಎಳೆದಳು. ತೋಳಿನೊಳಗೆ ಕೈ ಇತ್ತು.

ಸಬ್ ಇನ್ಸ್‌ಪೆಕ್ಟರ್ ರಾಜೀವ ಅರ್ಧ ಗಂಟೆಯಲ್ಲಿ ಬಂದ. ಜೊತೆಗೆ ಹೆಡ್ ಕಾನ್‌ಸ್ಟೆಬಲ್ ಸುಗುಣ. ಹೆಣವನ್ನು ದಡಕ್ಕೆ ತಂದು ಮಗುಚಿದರು. ಮೂವತ್ತರ ಆಸುಪಾಸಿನ ಗಂಡಸು. ತಲೆಯ ಹಿಂಭಾಗ ಒಡೆದಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ.

ಮುಖ ನೋಡಿದ್ದೇ ರಾಜೀವ ಬಗ್ಗಿ, ಅದರ ಮೇಲಿನ ಕೆಸರು ಒರೆಸಿ ಇನ್ನೊಮ್ಮೆ ನೋಡಿದ.

"ಗುರ್ತ ಇತ್ತಾ ಸಾರ್?" ಸುಗುಣ ಕೇಳಿದಳು.

"ಇವತ್ತ್ ಹತ್ತ್ ಗಂಟಿಗೆ ಇವ ನನ್ನ ಹತ್ರ ಬರ್ಕಿತ್ತ್."

ಸತ್ತವನ ಹೆಸರು ರತನ್. ಊರು ಕಿರಿಮಂಜೇಶ್ವರ. ವಂಡ್ಸೆಯ ಲೀಲಾಧರನ ಕಾರು ಓಡಿಸುತ್ತಿದ್ದ. ನಾಡದೋಣಿಯ ಎಂಜಿನ್ನಿಗೆಂದು ಸರ್ಕಾರ ಅಗ್ಗದಲ್ಲಿ ಕೊಡುವ ಸೀಮೆಎಣ್ಣೆ ಕಡಲಿಗೆ ಹೋಗುವ ಬದಲು ಲೀಲಾಧರನ ಶೆಡ್ಡಿಗೆ ಹೋಗಿ, ಅಲ್ಲಿಂದ ಲಾರಿ ಹತ್ತುತ್ತದೆ ಎಂದು ಎರಡು ವಾರದ ಹಿಂದೆ ರಾಜೀವನಿಗೆ ತಿಳಿಸಿದ್ದವನು ಇವನೇ. ಲಾರಿಗಳ ನಂಬರು ಬರೆದು ತರುತ್ತೇನೆ ಎಂದಿದ್ದ. ಅವನು ಕೇಳಿಕೊಂಡದ್ದು ಒಂದೇ: "ನನ್ನ ಮೊಬೈಲಿಗೆ ಮಾಡ್ಬ್ಯಾಡಿ ಸಾರ್. ಯಾರ್ ಪಕ್ಕದಲ್ಲಿರ್ತ್ರೋ ಹೇಳೂಕಾತಿಲ್ಲೆ. ನನ್ನ ಹೆಂಡ್ತಿಗೆ ಹೇಳಿ. ಅದ್ ನಂಗೆ ಹೇಳತ್ತ್."

ರಾಜೀವ ಹಾಗೆಯೇ ಮಾಡಿದ್ದ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಅವನ ಹೆಂಡತಿ ಶ್ರೀಲತಾಳಿಗೆ ಫೋನು ಮಾಡಿ, ನಾಳೆ ಹತ್ತಕ್ಕೆ ಪಟ್ಟಿ ಹಿಡಿದು ಬರಲಿ ಎಂದಿದ್ದ. ಅದೇ ಬುಧವಾರ ರತನ್ ಸತ್ತಿದ್ದ. ಅವನ ಫೋನು ಎಲ್ಲೂ ಸಿಗಲಿಲ್ಲ. ಜೇಬಿನಲ್ಲಿ ಪಟ್ಟಿಯೂ ಇರಲಿಲ್ಲ.

*

ಕಿರಿಮಂಜೇಶ್ವರದಲ್ಲಿ ಶುಕ್ರವಾರ ಚಿತೆಯ ಎದುರು ಒಂದು ಗಲಾಟೆ ನಡೆಯಿತು.

ಶ್ರೀಲತಾಳ ಅಣ್ಣ ಜಿತೇಂದ್ರ ಹೆಣಕ್ಕೆ ಹೆಗಲು ಕೊಡಲು ಬಂದ. ಅವಳು ಅಡ್ಡ ನಿಂತಳು. ಅಪ್ಪ ಕಡಲಿಗೆ ಹೋದವನು ತಿರುಗಿ ಬಾರದೆ ಇದ್ದಾಗ ಅವಳಿಗೆ ಹನ್ನೊಂದು, ಅವನಿಗೆ ಹದಿನಾರು. ಅವನು ಶಾಲೆ ಬಿಟ್ಟು ದೋಣಿ ಎಂಜಿನ್ ರಿಪೇರಿ ಕಲಿತು ತಂಗಿಯನ್ನು ಸಾಕಿದ, ಮದುವೆ ಮಾಡಿ ಕೊಟ್ಟ. ಅವಳಿಗೆ ಈ ಲೋಕದಲ್ಲಿ ಗಂಡ ಬಿಟ್ಟರೆ ಇದ್ದ ಒಂದೇ ಜೀವ ಅದು.

"ಮುಟ್ಬ್ಯಾಡ," ಎಂದಳು. "ನೀ ಮುಟ್ರೆ ಇವ್ರ್ ಇನ್ನೊಂದ್ ಸರ್ತಿ ಸಾಯ್ತ್ರ್."

ಊರಿನವರೆಲ್ಲ ನೋಡುತ್ತಿದ್ದರು. ಜಿತೇಂದ್ರ ತಲೆ ತಗ್ಗಿಸಿ ಹಿಂದೆ ಸರಿದ.

ಎಲ್ಲ ಮುಗಿದ ಮೇಲೆ ರಾಜೀವ ಅವಳನ್ನು ಜಗಲಿಯಲ್ಲಿ ಕೂರಿಸಿ ಕೇಳಿದ. ಅವಳು ಅಳಲಿಲ್ಲ. ಅಳುವವರನ್ನು ಸಂಭಾಳಿಸಿ ಅಭ್ಯಾಸವಿದ್ದ ಸುಗುಣಳಿಗೇ ಇದು ಕಷ್ಟವಾಯಿತು.

"ಕೊಂದದ್ದ್ ಲೀಲಾಧರಣ್ಣ. ಅದ್ ನಂಗೊತ್ತಿತ್ತ್," ಎಂದಳು. "ನಂಗೆ ಬೇಕಾದ್ದ್ ಬೇರೆ. ಅವ್ನಿಗೆ ಹೇಳದ್ದ್ ಯಾರ್?"

"ಅದನ್ನೇ ಹುಡ್ಕೂದ್."

"ಹುಡ್ಕೂದ್ ಎಂತ? ಗೊತ್ತಿದ್ದದ್ದ್ ನಾಲ್ಕ್ ಜನಕ್ಕೆ. ಇವ್ರಿಗೆ, ನಂಗೆ, ನಿಮ್ಗೆ, ನನ್ನ ಅಣ್ಣಂಗೆ. ನೀವ್ ಹೇಳಿದ್ರ್ಯಾ?"

"ಇಲ್ಲ."

"ನಾ ಹೇಳ್ಲಿಲ್ಲೆ. ಉಳದ್ದ್ ಯಾರ್? ಅಣ್ಣ ಲೀಲಾಧರಣ್ಣನ ಶೆಡ್ಡಲ್ಲೇ ಕೆಲ್ಸ ಮಾಡೂದ್. ಪೊಲೀಸಿಗೆ ಹೋಪ್ದ್ ಬ್ಯಾಡ ಅಂದ್ ಇವ್ರ್ ಹತ್ರ ಗಲಾಟಿ ಮಾಡಿದ್ದ. ಹೇಳದ್ದ್ ಅವ್ನೇ."

"ಬುಧವಾರ ನಾ ಹೇಳಿದ್ದನ್ನ ನೀ ರತನಿಗೆ ಯಾವಾಗ ಹೇಳ್ದೆ?"

"ಆಗ್ಳೇ. ಫೋನ್ ಮಾಡ್ದೆ. ನೀವ್ ಹೇಳಿದ್ದನ್ನ ಹಂಗೇ ಒಂದೇ ಉಸ್ರಿಗೆ ಹೇಳ್ದೆ. ನಾ ಯಾವತ್ತೂ ಹಂಗೇ." ಅವಳ ತುಟಿ ಒಂದಿಷ್ಟು ಅಲುಗಿತು. "ಇವ್ರ್ ನೆಗ್ಯಾಡ್ತಿದ್ರ್, ನಿಂದ್ ಫೋನಲ್ಲ, ವಯರ್‌ಲೆಸ್ ಅಂದ್."

ಅದಕ್ಕೆ ಕಾರಣವಿತ್ತು. ಅವಳ ಅಪ್ಪನ ಮನೆಯ ಚಾವಡಿಯಲ್ಲಿ ಬೋಟಿನವರ ಜೊತೆ ಮಾತಾಡುವ ವಯರ್‌ಲೆಸ್ ಸೆಟ್ಟಿತ್ತು. ಕಡಲಿನಲ್ಲಿದ್ದವರಿಗೆ ದಡದ ಸುದ್ದಿ ಹೇಳುವುದು ಚಿಕ್ಕಂದಿನಲ್ಲಿ ಅವಳ ಕೆಲಸ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಆಚೆಯವರ ಮಾತು ಕೇಳುವುದಿಲ್ಲ. ಹೇಳಬೇಕಾದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿ ಮುಗಿಸಿ ಕೈ ಬಿಡಬೇಕು. ಆ ರೂಢಿ ಅವಳ ನಾಲಿಗೆಯಿಂದ ಹೋಗಿರಲಿಲ್ಲ. ಹಲೋ ಇಲ್ಲ, ಯಾರು ಎಂದು ಕೇಳುವುದಿಲ್ಲ. ಆಚೆ ಕಡೆ ಎತ್ತಿದರೆಂದರೆ ಸುದ್ದಿ ಹೊರಟಿತು.

"ರತನ್ ಎಂತ ಹೇಳ್ದ?"

"ಹ್ಞೂ ಅಂದ್ರ್. ಅಷ್ಟೇ. ನೆಟ್‌ವರ್ಕ್ ಸಮ ಇರ್ಲಿಲ್ಲೆ. ನನ್ನ ಸ್ವರವೇ ನಂಗೆ ತಿರ್ಗಿ ಕೇಂತಿತ್ತ್. ಇಟ್ಬಿಟ್ಟೆ."

ರಾಜೀವ ಅದನ್ನು ಬರೆದುಕೊಂಡ. ಬರೆದು ಹಾಳೆ ಮಗುಚಿದ. ಪೊಲೀಸರು ಕೇಳಿದ್ದನ್ನೆಲ್ಲ ಬರೆಯುತ್ತಾರೆ, ಬರೆದದ್ದನ್ನೆಲ್ಲ ಓದುವುದಿಲ್ಲ.

*

ವಂಡ್ಸೆಯಲ್ಲಿ ಲೀಲಾಧರನನ್ನು ಲೀಲಾಧರಣ್ಣ ಎನ್ನದವರಿಲ್ಲ. ಯಾರದೇ ಮನೆಯ ಮದುವೆಯಿರಲಿ, ತಿಥಿಯಿರಲಿ, ಮೊದಲ ಸಾಲಿನ ಕುರ್ಚಿ ಅವನಿಗೆ. ರಾಜೀವ ಹೋದಾಗ ಅಂಗಳದಲ್ಲಿ ಬಿಳಿ ಕಾರು ನಿಂತಿತ್ತು. ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ.

"ಬುಧವಾರ ರತನ್ ಬರ್ಲೇ ಇಲ್ಲೆ ಸಾರ್," ಎಂದ ಲೀಲಾಧರ. "ಕಾರ್ ಬಂದದ್ದ್ ಮಂಗಳವಾರ. ಕುಂದಾಪುರದಲ್ಲಿ ಹಾಡಿನ ಸೆಟ್ ಹಾಕ್ಸಿ ಸಂಜಿಗೆ ಇಲ್ಲ್ ತಂದ್ ಬಿಟ್ಟ್ ಹೋದ. ಮತ್ತ್ ಅವ್ನ ಮುಖ ಕಂಡದ್ದಿಲ್ಲೆ. ಬುಧವಾರ ನಾನೇ ಕಾರ್ ತಕಂಡ್ ಹಾಲಾಡಿಗೆ ಹೋದೆ."

"ಒಬ್ರೇ?"

"ಒಬ್ನೇ. ಬೇಕಾರೆ ಅಲ್ಲ್ ಕೇಣಿ."

ಸುಗುಣ ಹಾಲಾಡಿಯಲ್ಲಿ ಕೇಳಿದಳು. ಮಧ್ಯಾಹ್ನ ಒಂದು ಗಂಟೆಗೆ ಸರ್ಕಲ್ಲಿನಲ್ಲಿ ಬಿಳಿ ಕಾರು ನಿಂತಿತ್ತು, ಒಬ್ಬನೇ ಇದ್ದ, ಎಳನೀರು ಕುಡಿದ ಎಂದು ಮೂವರು ಹೇಳಿದರು. ಅದು ನಿಜವೇ ಆಗಿತ್ತು.

ಸಂಜೆ ಹೊಳೆಯ ಕೆಸರಿನಲ್ಲಿ ಒಂದು ದೊಡ್ಡ ಸ್ಪಾನರ್ ಸಿಕ್ಕಿತು. ಹಿಡಿಯ ಮೇಲೆ ಜಿತೇಂದ್ರನ ಹೆಸರಿನ ಮೊದಲ ಅಕ್ಷರ ಕೊರೆದಿತ್ತು. ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು ಗಾಯಕ್ಕೂ ಸ್ಪಾನರಿಗೂ ತಾಳೆ ನೋಡಿ, ಇದೇ ಎಂದರು. ಸತ್ತ ಮೇಲೆಯೇ ನೀರಿಗೆ ಹಾಕಿದ್ದು ಎಂದೂ ಹೇಳಿದರು.

ಜಿತೇಂದ್ರನನ್ನು ಕರೆತಂದರು.

"ಸ್ಪಾನರ್ ನಂದೇ ಸಾರ್. ಶೆಡ್ಡಲ್ಲ್ ಇಟ್ಟ್ ಬಪ್ದ್."

"ಬುಧವಾರ ಎಲ್ಲಿದ್ದೆ?"

"ಹನ್ನೊಂದ್ ಗಂಟಿ ವರಿಗೆ ಶೆಡ್ಡಲ್ಲ್. ಮತ್ತ್ ಎಂಜಿನ್ ಸಾಮಾನಿಗೆ ಗಂಗೊಳ್ಳಿಗೆ ಹೋದೆ. ಅಂಗ್ಡಿ ಬಾಗ್ಲ್ ಹಾಕಿತ್ತ್. ವಾಪಸ್ ಮನಿಗೆ ಬಂದೆ."

"ಕಂಡವ್ರ್ ಯಾರಾದ್ರೂ ಇದ್ರಾ?"

"ಇಲ್ಲೆ."

"ರತನ್ ಠಾಣೆಗೆ ಬತ್ತಾ ಅಂದ್ ಲೀಲಾಧರನಿಗೆ ಹೇಳ್ದವ ನೀನಾ?"

ಜಿತೇಂದ್ರ ತಲೆಯೆತ್ತಿದ. "ನಾ ಭಾವಂಗೆ ಹೇಳದ್ದ್ ಹೋಯ್ಬ್ಯಾಡ ಅಂದ್. ಅವ್ನ ಜೀವಕ್ಕೆ ಹೆದ್ರಿ ಹೇಳದ್ದ್. ತಂಗಿ ನಂಬೂದಿಲ್ಲೆ. ನೀವೂ ನಂಬ್ಬ್ಯಾಡಿ."

ರಾಜೀವ ನಂಬಲಿಲ್ಲ. ನಂಬಲು ಏನೂ ಇರಲಿಲ್ಲ. ಶನಿವಾರ ಕೋರ್ಟು ಜಿತೇಂದ್ರನನ್ನು ಪೊಲೀಸರ ವಶಕ್ಕೆ ಕೊಟ್ಟಿತು.

*

ಭಾನುವಾರ ಬೆಳಿಗ್ಗೆ. ಸುಗುಣ ಠಾಣೆಯಲ್ಲಿ ಡಾಕ್ಟರಿಗೆ ಫೋನು ಹಚ್ಚಿದ್ದಳು. ವರದಿ ಬಂದಿರಲಿಲ್ಲ. ಮಾತು ಮುಗಿಸಿ ಗೊಣಗಿದಳು.

"ಎಂತ ಕರ್ಮ ಮಾರಾಯ್ರೆ, ನಾ ಹೇಳದ್ದೇ ನಂಗೆ ವಾಪಸ್ ಬತ್ತಿತ್ತ್. ಕಿವಿ ಗಂಯ್ ಅಂತಿತ್ತ್."

"ನೆಟ್‌ವರ್ಕಾ?"

"ಅಲ್ಲ ಸಾರ್. ಡಾಕ್ಟ್ರ್ ಕಾರ್ ಬಿಡ್ತಾ ಇದ್ರ್. ಕೈಯಲ್ಲ್ ಫೋನ್ ಹಿಡಿಯದೆ ಕಾರಿನ ಸ್ಪೀಕರಲ್ಲೇ ಮಾತಾಡೂದಂಬ್ರ್. ನಮ್ಮ ಸ್ವರ ಅಲ್ಲ್ ಸ್ಪೀಕರಲ್ಲ್ ಬಂದ್, ಮೈಕಿಗೆ ಹೊಕ್ಕ್, ತಿರ್ಗಿ ನಮ್ಗೇ ಬತ್ತಂಬ್ರ್."

ರಾಜೀವ ಚಾ ಲೋಟ ಕೆಳಗಿಟ್ಟ. ಪುಸ್ತಕ ತೆಗೆದು ಹಾಳೆ ಹಿಂದಕ್ಕೆ ಮಗುಚಿದ. ಶ್ರೀಲತಾ ಹೇಳಿದ್ದು ಅವನ ಕೈಬರಹದಲ್ಲೇ ಇತ್ತು. ಎರಡು ದಿನ ಕಣ್ಣ ಕೆಳಗೇ ಇತ್ತು. ತನ್ನ ಮೇಲೆಯೇ ಅವನಿಗೆ ಅಸಹ್ಯವಾಯಿತು.

"ಗಾಡಿ ತೆಗಿ," ಎಂದ. "ಕುಂದಾಪುರ."

ಕುಂದಾಪುರದಲ್ಲಿ ಕಾರುಗಳಿಗೆ ಸೆಟ್ಟು ಜೋಡಿಸುವ ದೇವು ಆಗಷ್ಟೇ ಬಾಗಿಲು ತೆಗೆಯುತ್ತಿದ್ದ.

"ಲೀಲಾಧರಣ್ಣನ ಕಾರಿಗಾ? ನಾನೇ ಹಾಕದ್ದ್ ಸಾರ್, ಮಂಗಳವಾರ. ಬ್ಲೂಟೂತ್ ಇಪ್ಪ ಸೆಟ್ಟ್. ಒಂದ್ಸರ್ತಿ ಫೋನ್ ಸೇರ್ಸಿದ್ರೆ ಸಾಕ್, ಕಾರ್ ಚಾಲೂ ಆದ್ಕೂಡ್ಲೆ ಅದೇ ಸೇರ್ಕಂತ್. ಕರೆ ಬಂದ್ರೆ ಸ್ಪೀಕರಲ್ಲೇ ಮಾತಾಡೂದ್."

"ಯಾರ ಫೋನ್ ಸೇರ್ಸಿದೆ?"

"ಲೀಲಾಧರಣ್ಣಂದ್ ಹಳೀ ಫೋನ್. ಅದ್ರಲ್ಲ್ ಬ್ಲೂಟೂತೇ ಇಲ್ಲೆ. ಸದ್ಯಕ್ಕೆ ಡ್ರೈವರಂದ್ ಹಾಕ್ ಅಂದ್ರ್. ರತನಂದ್ ಸೇರ್ಸಿ, ಒಂದ್ ಹಾಡ್ ಹಾಕಿ ಕಂಡೆ. ಅಷ್ಟೇ."

"ಬೇರೆ ಯಾರದ್ದೂ ಇಲ್ಲ?"

"ಒಂದೇ ಒಂದ್."

"ಫೋನ್ ಕಳೆದು ಹೋದ್ರೆ, ಬಂದ ಕರೆಯ ಲೆಕ್ಕ?"

"ಫೋನ್ ಹೋದ್ರೂ ಈ ಸೆಟ್ಟಲ್ಲ್ ಬಂದದ್ದ್ ಈ ಸೆಟ್ಟಲ್ಲೇ ಇರತ್ತ್ ಸಾರ್."

*

ಲೀಲಾಧರ ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದ.

"ಬನಿ ಸಾರ್. ಚಾ ಕುಡಿನಿ."

"ಕಾರಿನಲ್ಲಿ ಒಮ್ಮೆ ಕೂರ್ಬೇಕು. ಬನ್ನಿ, ನೀವೂ."

ಮುಂದಿನ ಎರಡು ಸೀಟಿನಲ್ಲಿ ಅವರಿಬ್ಬರು. ಹಿಂದೆ ಸುಗುಣ ಮತ್ತು ದೇವು. ದೇವು ಮುಂದೆ ಬಾಗಿ ಸೆಟ್ಟಿನ ಗುಂಡಿ ಒತ್ತಿದ. ಪರದೆಯ ಮೇಲೆ ಒಂದೇ ಒಂದು ಸಾಲು ಮೂಡಿತು. ಶ್ರೀ ಮನೆ. ಬುಧವಾರ, ಹನ್ನೊಂದು ಇಪ್ಪತ್ತೆರಡು. ನಲವತ್ತೊಂದು ಸೆಕೆಂಡು.

ಲೀಲಾಧರ ಅದನ್ನು ನೋಡಿದ.

"ರತನ್ ಬುಧವಾರ ಬರಲೇ ಇಲ್ಲ ಅಂದ್ರಿ," ರಾಜೀವ ಹೇಳಿದ. "ಈ ಸೆಟ್ಟಿಗೆ ಸೇರಿದ್ದು ಅವನ ಫೋನು ಒಂದೇ. ಆ ಫೋನು ಕಾರಿನಲ್ಲಿ ಇಲ್ಲದೆ ಈ ಕರೆ ಇಲ್ಲಿಗೆ ಬರುವ ಹಾಗಿಲ್ಲ."

"ಮಂಗಳವಾರ... ಕಾರಲ್ಲೇ ಬಿಟ್ಟ್ ಹೋಯಿರ್ಕ್."

"ಮಂಗಳವಾರ ರಾತ್ರಿ ಅವನು ಕಿರಿಮಂಜೇಶ್ವರದಿಂದ ಅದೇ ಫೋನಿನಲ್ಲಿ ಮಾತಾಡಿದ್ದಾನೆ. ಕಂಪನಿಯ ದಾಖಲೆ ಇದೆ. ಬುಧವಾರ ಬೆಳಿಗ್ಗೆ ಅದನ್ನು ಜೇಬಿಗೆ ಹಾಕಿಕೊಂಡೇ ಕೆಲಸಕ್ಕೆ ಹೊರಟಿದ್ದಾನೆ. ಅಂದ ಮೇಲೆ ಕಾರಿನಲ್ಲಿ ರತನ್ ಇದ್ದ. ಹೆಂಡತಿಯ ಕರೆ ಬಂತು. ಅವಳಿಗೆ ತನ್ನದೇ ಸ್ವರ ತಿರುಗಿ ಕೇಳಿಸಿತು. ಯಾಕೆಂದರೆ ಆಚೆ ಕಡೆ ಇದ್ದದ್ದು ಕಿವಿ ಅಲ್ಲ, ಈ ಸ್ಪೀಕರು. ಕಾರಿನಲ್ಲಿದ್ದವರಿಗೆಲ್ಲ ಸುದ್ದಿ ಕೇಳಿತು. ಒಂದು ಗಂಟೆಗೆ ಹಾಲಾಡಿಯಲ್ಲಿ ನೀವು ಒಬ್ಬರೇ ಇದ್ದದ್ದು ನಿಜ. ಆಗ ರತನ್ ಸತ್ತಾಗಿತ್ತು. ಜಿತೇಂದ್ರನ ಸ್ಪಾನರ್ ನಿಮ್ಮ ಶೆಡ್ಡಿನಲ್ಲೇ ಇತ್ತು. ಅವನು ಹನ್ನೊಂದಕ್ಕೇ ಅಲ್ಲಿಂದ ಹೋಗಿದ್ದ. ಉಳಿದದ್ದನ್ನು ನೀವು ಹೇಳಿ."

ಲೀಲಾಧರನ ಮಾತಿನಲ್ಲಿ ಪಶ್ಚಾತ್ತಾಪಕ್ಕಿಂತ ದೂರೇ ಹೆಚ್ಚಿತ್ತು.

"ನಾ ಕೇಂಬುಕೆ ಹೋಯ್ಲಿಲ್ಲೆ ಸಾರ್. ರತನ್ ಚಕ್ರಕ್ಕೆ ಗಾಳಿ ಹಾಕ್ಸೂಕೆ ಇಳ್ದಿದ್ದ. ಫೋನ್ ಇಲ್ಲೇ ಇಟ್ಟಿದ್ದ. ಶ್ರೀ ಮನೆ ಅಂದ್ ಬಂತ್. ಹೊಸ ಸೆಟ್ಟಲ್ದಾ, ಹ್ಯಾಂಗ್ ಕೇಂತ್ ಕಾಂಬ ಅಂದ್ ಒತ್ತಿದೆ. ನಿನ್ನ ಗಂಡ ಕೆಳ್ಗ್ ಇಳ್ದಿದ್ದಾ ಅಂದ್ ಹೇಳ್ಕ್ ಅಂದ್ ಬಾಯಿ ತೆಗದ್ದೇ, ಆ ಹೆಣ್ಣ್ ಹೇಳೂಕೆ ಬಿಟ್ರಲ್ದಾ! ಪೊಲೀಸ್ರ್ ಫೋನ್ ಮಾಡಿದ್ರ್, ನಾಳಿ ಹತ್ತಕ್ಕ್ ಬರ್ಕಂಬ್ರ್, ಲಾರಿ ನಂಬರಿನ ಪಟ್ಟಿ ತರ್ಕಂಬ್ರ್, ಎಲ್ಲ ಒಂದೇ ಉಸ್ರಿಗೆ."

"ಆಮೇಲೆ?"

"ಹ್ಞೂ ಅಂದೆ. ಅದ್ ಇಟ್ಬಿಡ್ತ್. ರತನ್ ಬಂದ್ ಕೂಕಂಡ. ಶೆಡ್ಡಿಗೆ ಹೋಪ ಅಂದೆ. ಬಂದ."

ಹಿಂದಿನ ಸೀಟಿನಲ್ಲಿ ಸುಗುಣ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಪಟ್ಟಿಯನ್ನು ಶೆಡ್ಡಿನಲ್ಲೇ ಸುಟ್ಟಿದ್ದ. ಫೋನನ್ನು ಆಗಲೇ ಹೊಳೆಗೆ ಎಸೆದಿದ್ದ, ಕತ್ತಲಾದ ಮೇಲೆ ಹೆಣವನ್ನೂ ಸ್ಪಾನರನ್ನೂ. ಫೋನು ಹೋದರೆ ಕರೆಯೂ ಹೋಯಿತು ಎಂದು ಅವನ ಎಣಿಕೆ. ಕಾರಿಗೂ ನೆನಪಿರುತ್ತದೆಂದು ಅವನಿಗೆ ಹೊಳೆದಿರಲಿಲ್ಲ.

*

ಸೋಮವಾರ ಕೋರ್ಟು ಜಿತೇಂದ್ರನನ್ನು ಬಿಟ್ಟಿತು. ಲೀಲಾಧರ ಹೇಳಿದ್ದನ್ನೆಲ್ಲ ರಾಜೀವ ಅವನಿಗೆ ಒಂದೂ ಬಿಡದೆ ತಿಳಿಸಿದ. ಜಿತೇಂದ್ರನ ಮುಖದಲ್ಲಿ ಸಂತೋಷ ಕಾಣಲಿಲ್ಲ.

"ಇದ್ ತಂಗಿಗೆ ಗೊತ್ತಿತ್ತಾ?"

"ಇಲ್ಲ. ಈಗ ಅವಳ ಹೇಳಿಕೆ ತಕಂಬುಕೆ ಹೋಪ್ದ್."

"ಹೋಯ್ಬ್ಯಾಡಿ ಸಾರ್." ಜಿತೇಂದ್ರ ಅವನ ಕೈ ಹಿಡಿದ. "ಲೀಲಾಧರಣ್ಣಂಗೆ ಹೇಳದ್ದ್ ನಾನೇ ಅಂದ್ ಇರ್ಲಿ. ನಾನೇ ಒಪ್ಕಂತೆ. ನನ್ನ ಬೈಕಂಡಾರೂ ತಂಗಿ ಬದ್ಕತ್ತ್. ಇದ್ ಗೊತ್ತಾರೆ ಬದ್ಕೂದಿಲ್ಲೆ."

ರಾಜೀವ ಆ ದಿನವಿಡೀ ಯೋಚಿಸಿದ. ದಾರಿ ಸಿಗಲಿಲ್ಲ. ಪೊಲೀಸರ ಎದುರು ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಲೀಲಾಧರ ಆಗಲೇ ವಕೀಲರನ್ನು ಹಿಡಿದಿದ್ದ, ನಾಳೆ ಎಲ್ಲವನ್ನೂ ಅಲ್ಲಗಳೆಯುತ್ತಾನೆ. ಕಾರಿನ ಸೆಟ್ಟಿನಲ್ಲಿ ಕರೆ ಬಂದದ್ದಿದೆ, ಕರೆಯಲ್ಲಿ ಆಡಿದ ಮಾತಿಲ್ಲ. ಕೊಲೆಗೆ ಕಾರಣ ಆ ಮಾತು. ಅದನ್ನು ಹೇಳಬಲ್ಲವಳು ಶ್ರೀಲತಾ ಒಬ್ಬಳೇ. ಅವಳು ಬಾಯಿ ಬಿಡದಿದ್ದರೆ ಲೀಲಾಧರ ಮತ್ತೆ ಮೊದಲ ಸಾಲಿನ ಕುರ್ಚಿಯಲ್ಲಿ ಕೂರುತ್ತಾನೆ.

*

ಮಂಗಳವಾರ ಮಧ್ಯಾಹ್ನ ರಾಜೀವ ಕಿರಿಮಂಜೇಶ್ವರಕ್ಕೆ ಹೋದ. ಜಿತೇಂದ್ರನೂ ಹಿಂದೆಯೇ ಬಂದು ಬೇಲಿಯ ಆಚೆ ನಿಂತ. ಒಳಗೆ ಬರುವ ಧೈರ್ಯ ಅವನಿಗಿರಲಿಲ್ಲ.

ಶ್ರೀಲತಾ ಜಗಲಿಗೆ ಬಂದಳು. ಅಣ್ಣನನ್ನು ನೋಡಿ ಮುಖ ಗಂಟಿಕ್ಕಿದಳು.

"ಇವನನ್ನ ಬಿಟ್ರಿಯಾ?"

"ಇವ ತಪ್ಪು ಮಾಡ್ಲಿಲ್ಲ."

"ನಾನೇ ಹೇಳದ್ದ್!" ಬೇಲಿಯಾಚೆಯಿಂದ ಜಿತೇಂದ್ರ ಕೂಗಿದ. "ಲೀಲಾಧರಣ್ಣಂಗೆ ಹೇಳದ್ದ್ ನಾನೇ. ಬರ್ದ್ಕಣಿ ಸಾರ್!"

"ಸುಳ್ಳು ಹೇಳ್ತಾ ಇದ್ದಾನೆ," ಎಂದ ರಾಜೀವ.

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಹೊಸ ಕಾರು, ಸೆಟ್ಟು, ಸ್ಪೀಕರು, ಚಕ್ರಕ್ಕೆ ಗಾಳಿ. ಮೆತ್ತಗೆ ಹೇಳಲು ನೋಡಿದ. ಇದನ್ನು ಮೆತ್ತಗೆ ಹೇಳುವ ಬಗೆ ಯಾರಿಗೂ ಗೊತ್ತಿಲ್ಲ. ಶ್ರೀಲತಾ ಕಣ್ಣು ಮಿಟುಕಿಸದೆ ಕೇಳಿದಳು.

"ಆ ಹ್ಞೂ ಅಂದದ್ದ್?"

"ಲೀಲಾಧರ."

"ಹಂಗಾರೆ ಇವ್ರಿಗೆ ಸುದ್ದಿ ಗೊತ್ತೇ ಆಯ್ಲಿಲ್ಲೆ."

"ಇಲ್ಲ."

"ಏನೂ ಗೊತ್ತಿಲ್ದೆ ಅವ್ನ್ ಒಟ್ಟಿಗೆ ಶೆಡ್ಡಿಗೆ ಹೋದ್ರ್."

ಅವಳು ಕಂಬ ಹಿಡಿದು ಮೆಲ್ಲಗೆ ಕೆಳಗೆ ಕೂತಳು. ಕೂತಲ್ಲಿಂದಲೇ ಕೈ ಚಾಚಿದಳು.

"ಬರ್ದದ್ದ್ ಇತ್ತಲ್ದಾ? ಕೊಡಿ."

ಏಳನೆಯ ತರಗತಿಯವರೆಗೆ ಓದಿದವಳು. ರಾಜೀವ ಮೊದಲೇ ಬರೆದು ತಂದಿದ್ದ ಹೇಳಿಕೆಯನ್ನು ಬೆರಳಿಟ್ಟು ಓದಿದಳು. 'ಬುಧವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತೆರಡಕ್ಕೆ ನಾನು ನನ್ನ ಗಂಡನಿಗೆ ಕರೆ ಮಾಡಿ' ಎಂದು ಅದು ಶುರುವಾಗುತ್ತಿತ್ತು.

"ನೀವ್ ಫೋನ್ ಮಾಡದ್ದ್ ಇದ್ರಲ್ಲ್ ಇಲ್ಯಲೆ."

ರಾಜೀವನಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಬೇಕೆಂದೇ ಬಿಟ್ಟದ್ದೋ, ಕೈ ತಾನಾಗಿ ಬಿಟ್ಟದ್ದೋ, ಅವನಿಗೇ ತಿಳಿಯಲಿಲ್ಲ. ಹಾಳೆ ಹರಿದು, ಇನ್ನೊಂದು ತೆಗೆದು, 'ಹನ್ನೊಂದು ಗಂಟೆಗೆ ಸಬ್ ಇನ್ಸ್‌ಪೆಕ್ಟರ್ ರಾಜೀವ ನನಗೆ ಕರೆ ಮಾಡಿ' ಎಂದು ಮೊದಲಿನಿಂದ ಬರೆದ. ಅವನು ಕೇಳಿದಷ್ಟಕ್ಕೂ ಅವಳು ಉತ್ತರ ಹೇಳಿದಳು. ಒಂದು ಮಾತೂ ತಡವರಿಸಲಿಲ್ಲ. ಕೊನೆಗೆ ಸಹಿ ಹಾಕಿದಳು.

"ಕೋರ್ಟಲ್ಲೂ ಇದನ್ನೇ ಹೇಳ್ಕಾ?"

"ಹೌದು. ವರ್ಷಗಟ್ಲೆ ಆಗ್ಬಹುದು."

"ಹೇಳ್ತೆ. ಎಷ್ಟ್ ಸರ್ತಿ ಕೇಂಡ್ರೂ ಹೇಳ್ತೆ."

ಬೇಲಿಯ ಗೇಟು ಸದ್ದಾಯಿತು. ಜಿತೇಂದ್ರ ಅಂಗಳಕ್ಕೆ ಬಂದಿದ್ದ. ಜಗಲಿಯ ಮೆಟ್ಟಿಲಿನವರೆಗೆ ಬಂದ.

"ಅಣ್ಣ, ನೀ ಹೋಗ್," ಎಂದಳು ಶ್ರೀಲತಾ. ಅವನ ಕಡೆ ನೋಡಲಿಲ್ಲ. "ಇನ್ನ್ ಇಲ್ಲಿಗೆ ಬರ್ಬ್ಯಾಡ. ನಿನ್ನ ಮುಖ ಕಾಂಬುಕೆ ನನ್ನತ್ರ ಆತಿಲ್ಲೆ."

"ನಂಗೆ ನಿನ್ನ ಮೇಲ್ ಸಿಟ್ಟಿಲ್ಲೆ ತಂಗಿ."

"ಅದೇ. ನಿಂಗೆ ಸಿಟ್ಟಿಲ್ಲೆ. ಅದ್ಕೇ ಆತಿಲ್ಲೆ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಜಿತೇಂದ್ರ ಮೆಟ್ಟಿಲ ಬುಡದಲ್ಲೇ ನಿಂತಿದ್ದ. ರಾಜೀವ ಕಾಗದ ಮಡಚಿ ಕೈಯಲ್ಲಿ ಹಿಡಿದುಕೊಂಡು ಅವನ ಪಕ್ಕ ನಿಂತ.